ಏಡಿಯ ಮಡಕೆಗೆ ನಾನು ತಂದ ನೀರು

ನನ್ನ ಅಕ್ಕ ಪಿಳ್ಳಮ್ಮ ಹೇಳಿದ್ದು ನಿಜವೆಂದು ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ನನಗೇ ಗೊತ್ತಿತ್ತು. ಆದರೂ ನಾನು ಅವಳ ಪರವಾಗಿ ನಿಲ್ಲಲಿಲ್ಲ. ಇದು ಹಲವು ದಶಕಗಳ ಹಿಂದಿನ ಮಾತು.

ಆಗ ನಾನು ದೊಡ್ಡಬಳ್ಳಾಪುರದ ಹತ್ತಿರದ ನಮ್ಮೂರಿನಲ್ಲಿ, ನೂಲಿಗೆ ಬಣ್ಣ ಹಾಕುವ ಕಾರ್ಖಾನೆಯಲ್ಲಿ ಕೂಲಿಗಿದ್ದೆ. ನೂಲು ಬೇಯಿಸಿದ, ಮೈಗೆ ಬಿದ್ದರೆ ಸುಡುವ ಕಾಸ್ಟಿಕ್ ಸೋಡದ ನೀರನ್ನು ಹಿಂದಿನ ಕಾಲುವೆಗೆ ಚೆಲ್ಲುವುದು ನನ್ನ ಕೆಲಸ. ಆ ಕಾಲುವೆ ಹೋಗಿ ಕುಂಟೆ, ಅಂದರೆ ಊರಿನ ಸಣ್ಣ ಕೆರೆ, ಸೇರುತ್ತಿತ್ತು. ಗಂಡ ತೀರಿಕೊಂಡ ಮೇಲೆ ಅಕ್ಕ ಅದೇ ಕುಂಟೆಯಲ್ಲಿ ಏಡಿ ಹಿಡಿದು ಸಂತೆಯಲ್ಲಿ ಮಾರುತ್ತಿದ್ದಳು. ಸತ್ತ ಏಡಿಯನ್ನು ಯಾರೂ ಕೊಳ್ಳುವುದಿಲ್ಲ. ಅದಕ್ಕೇ ಮಡಕೆಗೆ ಕುಂಟೆಯ ನೀರು ತುಂಬಿ, ಅದರಲ್ಲಿ ಬಿಟ್ಟಿರುತ್ತಿದ್ದಳು. ಆ ವರ್ಷ ಬೆಳಗಾಗುವುದರೊಳಗೆ ಅವು ಕಾಲು ಮೇಲಾಗಿ ಬಿದ್ದಿರತೊಡಗಿದವು.

ಅಕ್ಕ ಊರ ಪಂಚಾಯಿತಿ ಸೇರುವ ಅರಳಿಕಟ್ಟೆಗೆ ಹೋದಳು.

"ಕಾರ್ಖಾನೆ ನೀರಲ್ಲಿ ವಿಷ ಐತೆ ಯಜಮಾನ್ರೇ. ಎರಡು ಮಡಕೆ ಇಡ್ತೀನಿ. ಒಂದಕ್ಕೆ ಊರ ಬಾವಿ ನೀರು, ಇನ್ನೊಂದಕ್ಕೆ ಕಾಲ್ವೆ ನೀರು. ಎರಡಕ್ಕೂ ಏಡಿ ಬಿಡ್ತೀನಿ. ನಾಳೆ ನೀವೇ ನೋಡಿ."

"ಏಡಿ ಕೈಲಿ ಸಾಕ್ಷಿ ಹೇಳಿಸ್ತಾಳಂತೆ!" ಎಂದು ಯಾರೋ ನಕ್ಕರು.

ಯಜಮಾನರು ನಗಲಿಲ್ಲ. ಏಡಿ ಸತ್ತರೆ ಕಾಲುವೆಯನ್ನು ಕುಂಟೆಗೆ ಬಿಡಕೂಡದು ಎಂದರು. ಕಾರ್ಖಾನೆಯ ಸಾಹುಕಾರರೂ ಒಪ್ಪಿದರು. ಕಾಲುವೆಯ ನೀರು ಯಾರು ತರಬೇಕೆಂಬ ಮಾತು ಬಂದಾಗ ಅಕ್ಕ ನನ್ನ ಕಡೆ ಕೈ ತೋರಿದಳು.

"ನನ್ ತಮ್ಮ ತರ್ಲಿ. ಅವ್ರ ಆಳೂ ಹೌದು, ನನ್ ಒಡಹುಟ್ಟಿದೋನೂ ಹೌದು."

ಕೊಡ ಹಿಡಿದು ಹೊರಟೆ. ಏಡಿ ಸತ್ತರೆ ನನ್ನ ಕೆಲಸ ಹೋಗುತ್ತದೆಂಬ ಹೆದರಿಕೆ. ಹೀಗೆ ಮಾಡೆಂದು ಯಾರೂ ನನಗೆ ಹೇಳಿಕೊಟ್ಟಿರಲಿಲ್ಲ. ಕಾಲುವೆಗೆ ಬಗ್ಗದೆ, ಕಾರ್ಖಾನೆಯ ಬಾವಿಯಿಂದ ನೀರು ಸೇದಿ ತುಂಬಿಕೊಂಡೆ. ಬಣ್ಣದ ನೀರು ಬೇರೆ ಕಡೆ ಹೋಗುತ್ತಿದ್ದುದರಿಂದ, ನೋಡಲು ಕಾಲುವೆಯದೂ ಬಾವಿಯದೂ ತಿಳಿನೀರೇ.

ಮರುದಿನ ಎರಡು ಮಡಕೆಯಲ್ಲೂ ಏಡಿಗಳು ಹರಿದಾಡುತ್ತಿದ್ದವು.

"ಏನಮ್ಮಾ ಪಿಳ್ಳಮ್ಮ, ನಿನ್ ಸಾಕ್ಷಿ ತಿರುಗಿ ಬಿತ್ತಲ್ಲ!" ಎಂದು ಕಟ್ಟೆಯವರೆಲ್ಲ ನಕ್ಕರು. ಅಕ್ಕ ಎರಡೂ ಮಡಕೆಯ ನೀರು ಚೆಲ್ಲಿ ಎದ್ದಳು. ಮನೆಗೆ ಬರುವಾಗ ಹೇಳಿದಳು: "ನಂದೇ ತಪ್ಪು ಕಣ್ಲಾ. ಸುಮ್‌ಸುಮ್ನೆ ನಿನ್ ಅನ್ನಕ್ಕೆ ಕಲ್ಲು ಹಾಕ್ತಿದ್ದೆ. ಬೇಜಾರ್ ಮಾಡ್ಕೋಬೇಡ."

"ಹೋಗ್ಲಿ ಬಿಡಕ್ಕ" ಎಂದೆ. ದೊಡ್ಡ ಮನಸ್ಸು ಮಾಡಿದವನ ಹಾಗೆ!

ಏಡಿಗೇ ಏನೋ ರೋಗ ಬಂದಿರಬೇಕೆಂದುಕೊಂಡಳು ಅಕ್ಕ. ಅದುವರೆಗೆ ದೂರ ಹೊಡೆದುಕೊಂಡು ಹೋಗಿ ನೀರು ಕುಡಿಸುತ್ತಿದ್ದ ತನ್ನ ಎರಡು ಮೇಕೆಗಳನ್ನು ಆ ಕಾಲುವೆಗೇ ಬಿಟ್ಟಳು. ಬಾಯೆಲ್ಲ ಹುಣ್ಣಾಗಿ, ಮೇವು ಮುಟ್ಟದೆ ಅವು ಸತ್ತವು. ಆಗಲೂ ಅವಳು ಕಟ್ಟೆಗೆ ಹೋಗಲಿಲ್ಲ. "ಮತ್ತೆ ನಗಾಡ್ತಾರೆ" ಎಂದಳು. ಸ್ವಲ್ಪ ದಿನಕ್ಕೆ ಗಂಟು ಕಟ್ಟಿಕೊಂಡು ನಮ್ಮ ಸೀಮೆಯದೇ ಆದ ವಿಜಯಪುರಕ್ಕೆ, ರೇಷ್ಮೆ ನೂಲು ತೆಗೆಯುವ ಕೆಲಸಕ್ಕೆ ಹೊರಟುಹೋದಳು. ನನ್ನ ಕೆಲಸವೇನೋ ಉಳಿಯಿತು. ಮೇಕೆ ಸತ್ತ ದಿನವೂ ನಾನು ಅದೇ ನೀರನ್ನು ಅದೇ ಕಾಲುವೆಗೆ ಚೆಲ್ಲಿದೆ.

ಕಳೆದ ವರ್ಷ ವಿಜಯಪುರಕ್ಕೆ ಹೋಗಿದ್ದೆ. ಅಕ್ಕನಿಗೆ ವಯಸ್ಸಾಗಿದೆ. ಮುದ್ದೆ ಇಟ್ಟು, ಸಾರು ಬಿಟ್ಟು, "ಯಾಕ್ಲಾ, ಉಣ್ಣಲ್ವಾ?" ಎಂದಳು. ತಟ್ಟೆಯನ್ನು ಪಕ್ಕಕ್ಕೆ ಸರಿಸಿದೆ.

"ಅವತ್ತು ನಾನ್ ತಂದಿದ್ದು ಕಾಲ್ವೆ ನೀರಲ್ಲ, ಬಾವಿ ನೀರು. ನೀನ್ ಹೇಳಿದ್ದೇ ದಿಟ. ತಪ್ಪಾಯ್ತು ಕಣಕ್ಕ."