ಹರಿಹರದ ಆಪಾ ನಂಬದ ಡಿಲೀಟ್

ಒಂದ್ನಿಮಿಷ ತಡೀರಿ, ಫೋನ್ನಾಗ ಏನಾರ ಅಳಿಸೋ ಮುಂಚೆ ಇದನ್ನ ಕೇಳ್ರಿ.

ಹರಿಹರದಾಗ ಫೋಟೋ ಸ್ಟುಡಿಯೋ ಇಟ್ಟಿದ್ದ ಅಕ್ಕ ಒಬ್ರಿದ್ರು, ಎಲ್ರೂ ಉರ್ದುನಾಗ ಆಪಾ ಅಂತಿದ್ವಿ. ಅವ್ರ ಕಂಪ್ಯೂಟರ್ ಕೆಟ್ರೆ ದಾವಣಗೆರೆಯಿಂದ ನಾನೇ ಹೋಗ್ತಿದ್ದೆ. ನೆಟ್ ನೋಡಿ ಕಲ್ತೋನು ನಾನು. ನಾ ಕೀಬೋರ್ಡ್ ಮುಟ್ಟಿದ್ರೆ ಸಾಕು, ಆಪಾ ಸ್ಟೂಲ್ ಎಳ್ಕೊಂಡು ಪಕ್ಕದಾಗೇ ಕುಂತು ನನ್ ಕೈನೇ ನೋಡೋರು.

ಒಂದಿನ ನಾ ಅಲ್ಲಿದ್ದಾಗ ಒಬ್ಳು ಹುಡುಗಿ ಬಂದ್ಳು. ಗಂಡಿನ ಕಡೆಯೋರಿಗೆ ಕಳ್ಸಾಕ ಮೊದ್ಲು ಅಲ್ಲೇ ಫೋಟೋ ತೆಗೆಸಿದ್ಳು, ಈಗ ಸಂಬಂಧ ಮುರಿದಿತ್ತು.

"ನನ್ ಫೋಟೋ ಎಲ್ಲೂ ಉಳೀಬಾರ್ದು ಆಪಾ."

ಸ್ಟುಡಿಯೋದಾಗ ಅವು ಕ್ಯಾಮೆರಾ ಕಾರ್ಡ್‌ನಾಗ ಮಾತ್ರ ಇದ್ವು. ನಾ ಕಾರ್ಡ್ ಕಂಪ್ಯೂಟರ್‌ಗೆ ಹಾಕಿ, ಜಂಬದಿಂದ ಡಿಲೀಟ್ ಒತ್ತಿ, "ಹೋತು ತಗಳ್ರಿ" ಅಂದೆ.

"ಕಾಣದಂಗಾದ್ರೆ ಹೋದಂಗೇನೋ?" ಅಂದ್ರು ಆಪಾ. ಯಾವಾಗ್ಲೂ ಅದೇ ಮಾತು ಅವ್ರದು. "ವಾಪಸ್ ತರೋ ಸಾಫ್ಟ್‌ವೇರ್ ಐತಲ್ಲ, ಹಾಕು ನೋಡಾಣ."

ಹಾಕ್ದೆ. ಹುಡುಗಿ ಸೀರೆ ಉಟ್ಕೊಂಡು ನಗ್ತಾ ಸ್ಕ್ರೀನ್ ಮ್ಯಾಲೆ ಬಂದ್ಬಿಟ್ಳು! ಡಿಲೀಟ್ ಅಂದ್ರೆ ಪಟ್ಟಿಯಿಂದ ಹೆಸ್ರು ತೆಗೆದು, ಆ ಜಾಗ ಖಾಲಿ ಅಂತ ಗುರ್ತು ಹಾಕೋದಷ್ಟೆ. ಅದ್ರ ಮ್ಯಾಲೆ ಬೇರೇದು ಬರೆಯೋತನಕ ಫೋಟೋ ಅಲ್ಲೇ ಕುಂತಿರ್ತೈತೆ.

ಆಪಾ ಅವನ್ನ ಮತ್ತೆ ಅಳಿಸಿ, ಕ್ಯಾಮೆರಾನ ಗೋಡೆ ಕಡೆ ತಿರುಗಿಸಿ, ಕಾರ್ಡ್ ತುಂಬೋತನಕ ವಿಡಿಯೋ ಓಡಿಸಿದ್ರು. ಆಮೇಲೆ ಹುಡುಕಿದ್ರೆ ಬರೀ ಗೋಡೆ ಸಿಕ್ತು.

ಹುಡುಗಿ ಹೊರಡಾಕ ಎದ್ದೋಳು ಬಾಗಿಲತ್ರ ನಿಂತ್ಳು.

"ಗಂಡಿನ ಕಡೆಯೋರ ಫೋನಿಗೂ ಕಳ್ಸಿದ್ವಲ್ಲ ಆಪಾ. ಅವ್ರೂ ಡಿಲೀಟ್ ಮಾಡೀವಿ ಅಂದಾರ."

ನಾನು ಆಪಾನ ನೋಡ್ದೆ. ಆ ಫೋನ್ ಈಸ್ಕೊಂಡು ಗೋಡೆ ತುಂಬ್ಸಾಕ ನಮ್ ಕೈಲಾಗ್ತಿರ್ಲಿಲ್ಲ.

ಅಳಿಸೀವಿ ಅಂದೋರ ಮಾತು ನಂಬಿ ನೀವು ಹಿಂಗ ನಿಂತಿದ್ದೈತಾ? ಏನು ಮಾಡಿದ್ರಿ, ಕೆಳಗ ಬರೀರಿ.