ಅವ್ವನ ಡಾಬು, ಹಲ್ಲಿನ ಡಾಕ್ಟರು

ಅವಳಿ ಮಕ್ಕಳು ಹುಟ್ಟಿದ ಮೇಲೆ ಜೋತುಬಿದ್ದ ನನ್ನ ಹೊಟ್ಟೆ ಏಳು ವರ್ಷವಾದರೂ ಒಳಗೆ ಹೋಗಿಲ್ಲ. ಅವ್ವ ಕೊಟ್ಟ ಬೆಳ್ಳಿ ಡಾಬನ್ನು ಒಮ್ಮೆಯಾದರೂ ಸೊಂಟಕ್ಕೆ ಕಟ್ಟಿಕೊಂಡು ಪೂಜೆಗೆ ಕೂಡಬೇಕೆಂಬ ಆಸೆ. ಹೆಚ್ಚಾದ ಚರ್ಮ ತೆಗೆದು ಹೊಲಿಯುತ್ತಾರೆಂದು ಕೇಳಿ ಕಲಬುರಗಿಯ ಒಂದು ಕ್ಲಿನಿಕ್ಕಿಗೆ ಹೋದೆ.

“ನೀವು ಪ್ಲಾಸ್ಟಿಕ್ ಸರ್ಜರಿ ಓದೀರೇನ್ರೀ?” ಎಂದು ಅಲ್ಲಿದ್ದ ಡಾಕ್ಟರನ್ನು ಮೆಲ್ಲಗೆ ಕೇಳಿದೆ.

“ನಾನು ಹಲ್ಲಿನ ಡಾಕ್ಟರ್ ರೀ ಅಕ್ಕಾರ. ಇದರ ಕೋರ್ಸ್ ಮಾಡೀನಿ, ಎರಡು ದಿನದ್ದು.”

“ನನಗ ಮಗ್ಗಿ ಕಲಿಯಾಕೇ ಎರಡು ವರ್ಷ ಹಿಡೀತ್ರೀ,” ಎಂದು ಕೈಮುಗಿದು ಎದ್ದೆ.

ಕಮಲಾಪುರದ ಬಸ್ಸಿನಲ್ಲಿ ಮುದುಕಿಯೊಬ್ಬಳು ನನ್ನ ಹೊಟ್ಟೆ ನೋಡಿ ಸೀಟು ಬಿಟ್ಟುಕೊಟ್ಟಳು. “ಕೂಡವ್ವಾ. ಡಾಕ್ಟರ್‌ಗ ತೋರಿಸೀದಿ?”

“ಖರೇ ಡಾಕ್ಟರ್ ಇನ್ನಾ ಸಿಕ್ಕಿಲ್ಲ ಆಯಿ.”

“ಚಿಂತಿ ಬ್ಯಾಡ. ಒಂಬತ್ತು ತಿಂಗಳು ತುಂಬೂದ್ರಾಗ ಸಿಗ್ತಾರ.”

ಅಷ್ಟರೊಳಗೆ ಸಿಕ್ಕರೂ ಸಾಕು ಶಿವನೇ ಅಂದುಕೊಂಡು ಕೂತೆ.