ಎಲ್ಲ ಪುಟಗಳ ಕೆಳಗೂ ಅದೇ ಸಾಲು

ಬೆಳಿಗ್ಗೆ ಹತ್ತು ಗಂಟೆ ಇಪ್ಪತ್ತು ನಿಮಿಷ. ೨೦೦೬ರ ಒಂದು ಭಾನುವಾರ. ಚಾಮರಾಜಪೇಟೆಯಲ್ಲಿ ಸಮಾಜದ ಛತ್ರದ ಬಾಗಿಲಲ್ಲಿ ರುದ್ರೇಶ್ ವಿಭೂತಿ ತಟ್ಟೆ ಹಿಡಿದು ನಿಂತಿದ್ದ. ಬರುವವರು ಇರಲಿಲ್ಲ.

ಒಳಗೆ ಅವನ ಸೋದರಮಾವನ ಹೆಂಡತಿ ಬಸವಮ್ಮನವರ ಉತ್ತರಕ್ರಿಯೆ, ಶಿವಗಣಾರಾಧನೆ. ಬಿ.ಎಸ್ಸಿ. ಓದಲು ತುಮಕೂರಿನಿಂದ ಬಂದ ಹುಡುಗನನ್ನು ನಗರ್ತಪೇಟೆಯ ಇಕ್ಕಟ್ಟಾದ ಮನೆಯಲ್ಲಿಟ್ಟುಕೊಂಡು, ಪ್ರಾಕ್ಟಿಕಲ್ ಇದ್ದ ದಿನ ರೊಟ್ಟಿ ಕಟ್ಟಿಕೊಟ್ಟ ಅತ್ತೆ ಆಕೆ. ಬ್ಯಾಂಕಿನಲ್ಲಿ ಕೆಲಸ ಸಿಕ್ಕಿ ಮಾವಳ್ಳಿಯಲ್ಲಿ ಬೇರೆ ಮನೆ ಮಾಡಿದ ಮೇಲೂ ಸೋಮವಾರದ ಊಟ ಅವನಿಗೆ ಅಲ್ಲೇ.

ಸಂಜೆ ತರಗತಿಗಳಲ್ಲಿ ಪ್ರೋಗ್ರಾಮಿಂಗ್ ಕಲಿತ ರುದ್ರೇಶ್ ಸಮಾಜಕ್ಕೆ ವೆಬ್‌ಸೈಟ್ ಮಾಡಿಕೊಟ್ಟಿದ್ದ. ವಧೂವರರಿಗೊಂದು ಪುಟ, ಹಾಸ್ಟೆಲಿಗೊಂದು, ಲಿಂಗೈಕ್ಯರಾದವರಿಗೊಂದು. ಪುಟದ ಅಡಿಯಲ್ಲಿ ಬರುವ ಫುಟರನ್ನು ಮಾತ್ರ ಪ್ರತ್ಯೇಕವಾಗಿ ಒಂದೇ ಕಡತದಲ್ಲಿ ಇಟ್ಟಿದ್ದ. ಎಲ್ಲ ಪುಟಗಳೂ ಅದನ್ನೇ ಕರೆದುಕೊಳ್ಳುತ್ತಿದ್ದವು. ಕಚೇರಿಯವರಿಗೆ ಸುಲಭವಾಗಲೆಂದು ಅದರ ಮಾತುಗಳನ್ನು ಬದಲಾಯಿಸಲು ಒಂದು ಚೌಕ ಕೊಟ್ಟಿದ್ದ. ಅಲ್ಲಿ ಬರೆದದ್ದು ಎಲ್ಲ ಪುಟಗಳಿಗೂ ಹೋಗುತ್ತಿತ್ತು. ಈ ಪುಟಕ್ಕೆ ಬೇಕು, ಆ ಪುಟಕ್ಕೆ ಬೇಡ ಎನ್ನುವ ಆಯ್ಕೆ ಇರಲಿಲ್ಲ. ಅಂಥದ್ದೊಂದು ಬೇಕಾದೀತೆಂದು ಅವನಿಗೆ ಹೊಳೆದೇ ಇರಲಿಲ್ಲ.

ಅತ್ತೆ ತೀರಿಕೊಂಡಾಗ ಮಾವ ಏಕಾಂತಯ್ಯ ಕಾರ್ಡು ಅಚ್ಚು ಹಾಕಿಸಲು ಹೊರಟಿದ್ದರು. ತಡೆದವನು ರುದ್ರೇಶನೇ.

“ಕಾರ್ಡು ಊರೂರಿಗೆ ಹೋಗಿ ಸೇರೋ ಹೊತ್ಗೆ ಕಾರ್ಯ ಮುಗ್ದಿರುತ್ತೆ ಮಾವ. ಸೈಟಲ್ಲಿ ಹಾಕ್ತೀನಿ. ಹುಡುಗ್ರು ನೋಡಿ ಮನೆಯವ್ರಿಗೆ ಹೇಳ್ತಾರೆ.”

“ನೂಲು ಮಾರೋ ನನಗೆ ಅದೆಲ್ಲ ಏನ್ ಗೊತ್ತಾಗುತ್ತಪ್ಪ? ನೀನು ಹೇಳ್ದಂಗೆ ಆಗ್ಲಿ.”

ಈಗ ಕಿಸೆಯಲ್ಲಿ ಮೊಬೈಲು ಹೊಡೆದುಕೊಂಡಿತು. ಸಮಾಜದ ಕಾರ್ಯದರ್ಶಿ ಶಿವಲಿಂಗಯ್ಯ, ಮಲ್ಲೇಶ್ವರದಿಂದ.

“ಏನಯ್ಯ ರುದ್ರೇಶ, ನಿಮ್ಮತ್ತೆ ಕಡೆಯವ್ರು ಇಲ್ಲಿ ಬಂದು ನಿಂತವ್ರೆ! ಫೋಟೋ ಎಲ್ಲಿ, ಜಂಗಮರೆಲ್ಲಿ ಅಂತ ಕೇಳ್ತಾರೆ. ನಾವಿಲ್ಲಿ ಹೆಣ್ಮಕ್ಳಿಗೆ ಹೂ ಹಂಚ್ತಾ ಇದೀವಿ. ಮೊದ್ಲು ಬಂದವ್ರಂತೂ ಓಲಗ ಕೇಳಿ, ‘ಆರಾಧನೆಗೆ ಅಂತ ಕರ್ದು ಮದುವೆ ಮಂಟಪ ತೋರಿಸ್ತಾರಾ’ ಅಂತ ಬೈಕೊಂಡು ವಾಪಸ್ ಹೋದ್ರಂತೆ.”

ವಧೂವರರ ಸಮಾವೇಶ ಅಂದು ಚಾಮರಾಜಪೇಟೆಯ ಇದೇ ಛತ್ರದಲ್ಲಿ ನಡೆಯಬೇಕಿತ್ತು. ಬಸವಮ್ಮನವರ ಕಾರ್ಯಕ್ಕೆಂದು ಸಮಾಜದವರು ಜಾಗ ಬಿಟ್ಟುಕೊಟ್ಟು ಮಲ್ಲೇಶ್ವರದ ಛತ್ರ ಹಿಡಿದಿದ್ದರು. ಅದನ್ನು ತಿಳಿಸಲು ಶಿವಲಿಂಗಯ್ಯ ಹಿಂದಿನ ಮಧ್ಯಾಹ್ನ ಆ ಚೌಕದಲ್ಲಿ ಬರೆದಿದ್ದರು: “ಭಾನುವಾರದ ಕಾರ್ಯಕ್ರಮದ ಸ್ಥಳ ಬದಲಾಗಿದೆ. ಎಲ್ಲರೂ ಮಲ್ಲೇಶ್ವರದ ಛತ್ರಕ್ಕೆ ಬನ್ನಿ.” ವಧೂವರರ ಪುಟದಲ್ಲಿ ಓದಿದರೆ ಸರಿಯಾದ ಮಾತೇ. ಬಸವಮ್ಮನವರ ಫೋಟೋದ ಕೆಳಗೂ ಅದೇ ಸಾಲು ಕೂತಿತ್ತು.

“ನಾನು ಮದುವೆ ಪುಟ ನೋಡ್ಕೊಂಡೇ ಬರ್ದಿದ್ದು ಕಣಯ್ಯ. ಅದು ಅಲ್ಲೂ ಹೋಗಿ ಕೂತ್ಕೊಳುತ್ತೆ ಅಂತ ಯಾರು ಕಂಡಿದ್ರು?”

“ನಾನು ಕಂಡಿದ್ದೆ, ಹಂಗೆ ಮಾಡಿಟ್ಟೋನೇ ನಾನು,” ಎಂದ ರುದ್ರೇಶ್. “ಅಲ್ಲಿರೋರನ್ನ ಆಟೋ ಹತ್ತಿಸಿ ಕಳ್ಸಿ ಸರ್.”

ತಟ್ಟೆ ಇಟ್ಟು ಮಹಡಿಯ ಕಚೇರಿಗೆ ಓಡಿದ. ಆ ಸಾಲು ತೆಗೆದರೆ ಹೆಣ್ಣು ಗಂಡು ನೋಡಲು ಬರುವವರೆಲ್ಲ ಆರಾಧನೆಗೆ ಬಂದಿಳಿಯುತ್ತಾರೆ. ಅತ್ತೆಯ ಪುಟವೊಂದಕ್ಕೆ ಮಾತ್ರ ಫುಟರ್ ಬೇಡವೆನ್ನಲು ಪುಟದ ಕಡತವನ್ನೇ ತಿದ್ದಬೇಕು; ಅದರ ಪಾಸ್‌ವರ್ಡ್ ಇದ್ದದ್ದು ಸೈಟನ್ನು ತಮ್ಮ ಸರ್ವರಿನಲ್ಲಿಟ್ಟಿದ್ದ ಶೇಷಾದ್ರಿಪುರದ ಒಂದು ಕಂಪನಿಯವರಲ್ಲಿ, ಭಾನುವಾರ ಅಲ್ಲಿ ಬೀಗ. ಕೊನೆಗೆ ಎರಡೂ ಕಾರ್ಯಗಳ ಹೆಸರು ಹಾಕಿ, ಯಾವುದು ಎಲ್ಲಿ ಎಂದು ಬಿಡಿಸಿ ಬರೆದ. ಎರಡು ನಿಮಿಷದ ಕೆಲಸ. ಪುಟ ಈಗ ಸ್ಪಷ್ಟವಾಗಿತ್ತು. ಓದಬೇಕಾದವರು ಆಗಲೇ ಬಸ್ಸಿನಲ್ಲಿದ್ದರು.

ಕೆಳಗಿಳಿದಾಗ ಮೆಟ್ಟಿಲ ಬುಡದಲ್ಲಿ ಏಕಾಂತಯ್ಯ ನಿಂತಿದ್ದರು.

“ತಿಪಟೂರಿನ ನೆಂಟ್ರು ಬಂದ್ರೇನೋ?”

“ಬರ್ತಾರೆ ಮಾವ. ದಾರೀಲಿದಾರೆ.”

“ಮಳೆ ಇರ್ಲಿ, ಜ್ವರ ಇರ್ಲಿ, ಅವಳು ಯಾರ ಮನೆ ಕಾರ್ಯನೂ ತಪ್ಪಿಸ್ದೋಳಲ್ಲ.”

ಫುಟರಿನ ಸಂಗತಿ ಹೇಳಲು ರುದ್ರೇಶ್ ಬಾಯಿ ತೆರೆದ. ಕಡತ, ಪುಟ, ಚೌಕ ಎಂದು ತೊದಲಿದ. ಮಾವ ಅವನ ಹೆಗಲ ಮೇಲೆ ಕೈ ಇಟ್ಟರು. “ಅದೆಲ್ಲ ಆಮೇಲೆ ಹೇಳು. ಜಂಗಮರು ಕಾಯ್ತಿದಾರೆ, ಪಾದಪೂಜೆಗೆ ನೀರು ತಗೊಂಬಾ.”

ಆಟೋಗಳಲ್ಲಿ ಒಂದಷ್ಟು ಜನ ಬಂದರು. ತಲೆ ತಗ್ಗಿಸಿ, ಫೋಟೋಗೆ ಕೈ ಮುಗಿದು ಕೂತರು. ಪ್ರಸಾದಕ್ಕೆ ಎಲೆ ಹಾಕಿದಾಗ ಎರಡು ಸಾಲು ತುಂಬಿತು. ಮೂರನೆಯ ಸಾಲಿನ ಎಲೆಗಳ ಮೇಲೆ ಚಿಮುಕಿಸಿದ ನೀರು ಫ್ಯಾನಿನ ಗಾಳಿಗೆ ಆರುತ್ತಿತ್ತು. ಅಡುಗೆಯ ಸಿದ್ದಮ್ಮ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ ಹೊರಗೆ ಬಂದರು.

“ಒಳಗೆ ಕೊಪ್ಪರಿಗೆ ತುಂಬ ಅನ್ನ ಹಂಗೇ ಅದೆ. ಇಷ್ಟು ಜನಕ್ಕೆ ಅಂತ ಯಾರಪ್ಪಾ ಹೇಳಿದ್ದು?”

ಹಿಂದಿನ ಸಂಜೆ ಎಷ್ಟು ಮಂದಿಗೆ ಅಕ್ಕಿ ಹಾಕಲಿ ಎಂದು ಸಿದ್ದಮ್ಮ ಕೇಳಿದಾಗ, ಅತ್ತೆ ಹೋಗಿಬರುತ್ತಿದ್ದ ಮನೆಗಳನ್ನೆಲ್ಲ ಬೆರಳು ಮಡಿಸಿ ಎಣಿಸಿ, ಅತ್ತ ಗೋಡೆಗೊರಗಿ ಕೂತಿದ್ದ ಮಾವನಿಗೂ ಕೇಳಲಿ ಎಂದು ರುದ್ರೇಶನೇ ಗಟ್ಟಿಯಾಗಿ ಹೇಳಿದ್ದ: “ಮುನ್ನೂರು.”